ಮುಂಜಾಗ್ರತೆಯ ಲೋಟ

ಇನ್ಸುಲಿನ್ ಚುಚ್ಚಿಕೊಳ್ಳುವವನ ಕೈಗೆ ಬಸ್ಸಿನ ಸ್ಟೇರಿಂಗ್ ಕೊಡಕೂಡದೆಂಬುದು ಆ ಸಾರಿಗೆ ಸಂಸ್ಥೆಯ ನಿಯಮ. ನಿಯಮವನ್ನು ಬರೆದವರಿಗೆ ತನ್ನ ತಮ್ಮನ ಪರಿಚಯವಿರಲಿಲ್ಲವೆಂದು ಅಕ್ಕ ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಪಕ್ಕದ ಕನ್ನಡಿಗೂ ಗೀರು ಬೀಳಿಸದ, ಮುದುಕಿಯೊಬ್ಬಳು ಎರಡೂ ಪಾದಗಳನ್ನು ಮೆಟ್ಟಿಲ ಮೇಲೆ ಊರಿದಳೆಂದು ಖಚಿತವಾಗುವವರೆಗೆ ಗೇರಿಗೆ ಕೈ ಹಾಕದ ಚಾಲಕ ಅವನು. ಆದರೂ ಮಾತ್ರೆಗಳು ಸೋತು ವೈದ್ಯರು ಸೂಜಿಯನ್ನು ಬರೆದುಕೊಟ್ಟ ವಾರವೇ ಡಿಪೋದ ವೈದ್ಯಾಧಿಕಾರಿ ಅವನ ಚಾಲನಾ ಪತ್ರದ ಮೇಲೆ ಕೆಂಪು ಮುದ್ರೆಯನ್ನೊತ್ತಿದರು. ಅಂದಿನಿಂದ ಅವನು ಡಿಪೋದ ಹಿಂಬದಿಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಕುಳಿತ. ಮುನ್ನೂರು ಕೊಡೆಗಳು, ಒಂಟಿ ಬೂಟುಗಳು, ಒಂದು ಹಲ್ಲುಸೆಟ್ಟು, ಯಾರೂ ಕೇಳಿಕೊಂಡು ಬಾರದ ಒಂದು ಪಿಟೀಲು. ಇವುಗಳ ನಡುವೆ ನೂರ ಮೂವತ್ತೆಂಟು ಕಿಲೋ ತೂಕದ ಒಬ್ಬ ಮನುಷ್ಯ. ಕಿಟಕಿಯಾಚೆ ಬಸ್ಸುಗಳು ಹೊರಡುವ ಸದ್ದನ್ನು ಕೇಳಿಯೇ ಅವು ಯಾವ ಮಾರ್ಗದವು, ಯಾವುದರ ಕ್ಲಚ್ಚು ಸವೆದಿದೆ ಎಂಬುದನ್ನು ಅವನು ಹೇಳಬಲ್ಲವನಾಗಿದ್ದ. ಕೇಳುವವರಿರಲಿಲ್ಲ.

ಡಿಪೋದಲ್ಲಿ ಅವನಿಗೆ 'ಡಬಲ್ ಡೆಕ್ಕರ್' ಎಂಬ ಹೆಸರು ಬಿದ್ದು ಬಹುಕಾಲವಾಗಿತ್ತು. ಕಿರಿಯ ಚಾಲಕರು ಗೌರವದಿಂದ ಅದಕ್ಕೊಂದು 'ಅಣ್ಣ'ನನ್ನೂ ಸೇರಿಸಿ 'ಡಬಲ್ ಡೆಕ್ಕರಣ್ಣ' ಎನ್ನುತ್ತಿದ್ದರು.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ಹಿರಿಯಳು. ತಾಯಿ ತೀರಿಕೊಂಡಾಗ ಅವನಿಗೆ ಏಳು; ಅಂದಿನಿಂದ ತಾಯಿಯ ಸ್ಥಾನವೂ ಅವಳದೇ ಆಯಿತು. ಇಬ್ಬರೂ ಮದುವೆಯಾಗಲಿಲ್ಲ. ಅವಳು ಮೂವತ್ತೊಂದು ವರ್ಷ ಔಷಧಿಯಂಗಡಿಯಲ್ಲಿ ಕಾಂಪೌಂಡರಾಗಿ ದುಡಿದು, ಬೀದಿಯವರಿಂದ 'ಮಾತ್ರೆಯಮ್ಮ' ಎನ್ನಿಸಿಕೊಂಡು, ನಿವೃತ್ತಳಾಗಿದ್ದಳು. ಮೂರನೆಯ ಮಹಡಿಯ ಎರಡು ಕೋಣೆಗಳ ಆ ಮನೆಯಲ್ಲಿ ತಮ್ಮನ ಮಧುಮೇಹವೆಂಬುದು ಬರಿಯ ರೋಗವಾಗಿರಲಿಲ್ಲ. ಅವಳ ಪಾಲಿಗೆ ಅದೊಂದು ನಿತ್ಯಾನುಷ್ಠಾನ. ದಿನಕ್ಕೆ ನಾಲ್ಕು ಬಾರಿ ಅವನ ಬೆರಳು ಚುಚ್ಚಿ ರಕ್ತದ ಹನಿಯನ್ನು ಯಂತ್ರಕ್ಕೊಡ್ಡುವುದು, ಬಂದ ಅಂಕಿಯನ್ನು ಉದ್ದನೆಯ ಪುಸ್ತಕದಲ್ಲಿ ನೀಲಿ ಶಾಯಿಯಿಂದ ಬರೆಯುವುದು, ಅಂಕಿಗೆ ತಕ್ಕಂತೆ ಸೂಜಿಯ ಪ್ರಮಾಣವನ್ನು ನಿಶ್ಚಯಿಸುವುದು. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಹದಿನೈದರ ನೇಮ: ಹದಿನೈದು ಗ್ರಾಂ ಸಕ್ಕರೆ, ಹದಿನೈದು ನಿಮಿಷದ ಕಾಯುವಿಕೆ, ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೆ ಹದಿನೈದು.

ಈ ನೇಮಗಳಿಗೆಲ್ಲ ಕಲಶವಿಟ್ಟಂತೆ ಇನ್ನೊಂದಿತ್ತು. ಸೂಜಿ ಆರಂಭವಾದ ಹೊಸದರಲ್ಲಿ, ಬೆಳಗಿನ ತಿಂಡಿ ಮುಗಿಸಿ ಡಿಪೋಗೆ ನಡೆದು ಹೊರಟ ತಮ್ಮ, ಅರ್ಧ ದಾರಿಯಲ್ಲಿ ಕಾಲು ಕುಸಿದು ಬೇಲಿಯೊಂದಕ್ಕೆ ಒರಗಿಬಿಟ್ಟಿದ್ದ. ನಡಿಗೆಯೂ ಸೂಜಿಯೂ ಕೂಡಿ ರಕ್ತದ ಸಕ್ಕರೆಯನ್ನು ಬರಿದುಮಾಡಿದ್ದವು. ಮರುದಿನದಿಂದ ಅವನು ಹೊಸ್ತಿಲು ದಾಟುವ ಮುನ್ನ ಅಕ್ಕ ಒಂದು ಲೋಟ ಸೇಬಿನ ರಸವನ್ನು ಕೈಗಿಡುತ್ತಿದ್ದಳು. ಅದು ಮುಂಜಾಗ್ರತೆಯ ಲೋಟ. ನಾಲ್ಕು ವರ್ಷಗಳಲ್ಲಿ ಅವನು ಮತ್ತೆ ದಾರಿಯಲ್ಲಿ ಕುಸಿಯಲಿಲ್ಲ.

"ಮಗೂಗೆ ಹಾಲು ಕುಡಿಸ್ದಂಗೆ ಕುಡಿಸ್ತೀಯಲ್ಲೇ ಅಕ್ಕ. ಮೀಸೆ ಬಂದು ಮೂವತ್ತು ವರ್ಷ ಆಯ್ತು."

"ಮೀಸೆ ಬಂದ್ರೆ ಸಾಲ್ದು, ಬುದ್ಧಿ ಬರ್ಬೇಕು. ಕುಡಿ. ಲೋಟ ತೊಳ್ದಿಡ್ಬೇಕು ನಾನು."

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತನ್ನು ಮೊದಲು ಎತ್ತಿದವರು ಮಧುಮೇಹದ ವೈದ್ಯರು. ಹೊಟ್ಟೆಯನ್ನು ಮೊಟ್ಟೆಯಷ್ಟು ಕಿರಿದುಮಾಡಿ, ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುವ ಕ್ರಮ ಅದು. ಹಲವರಿಗೆ ಅದಾದ ಮೇಲೆ ಸೂಜಿಯೇ ಬೇಕಾಗುವುದಿಲ್ಲವೆಂದು ಅವರು ಹೇಳಿದ್ದನ್ನು ಅವನು ಬೇರೆಯೇ ಬಗೆಯಲ್ಲಿ ಕೇಳಿಸಿಕೊಂಡ.

"ಅಂದ್ರೆ ಬಸ್ಸು ಓಡಿಸ್ಬೋದಾ ಡಾಕ್ಟ್ರೇ?"

"ನಾನು ಕಾಲು ಉಳಿಯೋದು, ಕಣ್ಣು ಉಳಿಯೋದು ಹೇಳ್ತಾ ಇದೀನಿ. ನೀವು ಬಸ್ಸು ಅಂತೀರಿ."

"ಕಾಲು, ಕಣ್ಣು ಉಳಿದ್ರೆ ಬಸ್ಸಿಗೇ ತಾನೆ ಬೇಕಾಗೋದು?"

ಆದರೆ ಶಸ್ತ್ರವೈದ್ಯೆ ಅವಸರ ಮಾಡಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ರಕ್ತಪರೀಕ್ಷೆಯಲ್ಲಿ ಶೇಕಡಾ ಹತ್ತು ದಶಮಾಂಶ ನಾಲ್ಕು. ಅದು ಎಂಟಕ್ಕಿಂತ ಕೆಳಗಿಳಿಯದೆ ತಾನು ಕತ್ತಿ ಹಿಡಿಯುವುದಿಲ್ಲ, ಹೊಲಿದ ಗಾಯ ಮಾಯುವುದಿಲ್ಲ ಎಂದುಬಿಟ್ಟಳು. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುಂದಕ್ಕೆ ಹೋಯಿತು. ಆ ಏಳು ತಿಂಗಳು ಅಕ್ಕ ನಡೆಸಿದ್ದು ತಪಸ್ಸಿಗೆ ಸಮಾನವಾದುದು. ಅನ್ನವನ್ನು ಬಟ್ಟಲಲ್ಲಿ ಅಳೆದಳು, ಬ್ರೆಡ್ಡನ್ನು ತೂಗಿದಳು, ತಾನೂ ಅದನ್ನೇ ತಿಂದು ಆರು ಕಿಲೋ ಕಳೆದುಕೊಂಡಳು. ಮಧ್ಯಾಹ್ನದ ಅಂಕಿ ಮಾತ್ರ ಪ್ರತಿ ಗುರುವಾರ ಕಾರಣವಿಲ್ಲದೆ ಏರುತ್ತಿತ್ತು. ಮೂರು ಗುರುವಾರ ಪುಸ್ತಕವನ್ನು ದಿಟ್ಟಿಸಿ, ನಾಲ್ಕನೆಯ ಗುರುವಾರ ಅವಳು ನೇರವಾಗಿ ಸಾಮಾನುಗಳ ಕೋಣೆಗೇ ಹೋದಳು. ಹೋದವಳು ಮೂಲೆಯಲ್ಲಿ ಒರಗಿಸಿಟ್ಟಿದ್ದ, ಮಡಚಿದ್ದರೂ ಉಬ್ಬಿಕೊಂಡಿದ್ದ ಕಪ್ಪು ಕೊಡೆಯೊಂದನ್ನು ಬಿಚ್ಚಿದಳು. ಎರಡು ಕ್ರೀಮ್ ಬನ್ನುಗಳು ನೆಲಕ್ಕುದುರಿದವು.

"ಯಾರೋ ಮರ್ತು ಹೋಗಿರ್ಬೇಕು," ಎಂದ ತಮ್ಮ.

"ಹೌದು. ಗುರುವಾರದ ಬೇಕರಿ ಗಾಡಿಯವ್ನು ನಿನ್ನ ಕೊಡೇಲಿ ಮರ್ತು ಹೋದ. ನಾಚ್ಕೆ ಆಗಲ್ವೇನೋ?"

"ಆಗತ್ತೆ ಅಕ್ಕ. ಅದಕ್ಕೇ ಕೊಡೆ ಒಳಗಿಟ್ಟಿದ್ದು."

ಅವಳು ನಗಲಿಲ್ಲ. ಆದರೆ ಮನೆಗೆ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು; ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ಕೊನೆಗೆ ಸರಾಸರಿ ಏಳು ದಶಮಾಂಶ ಎಂಟಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಯ ಮುಂಚಿನ ಎರಡು ವಾರ, ಯಕೃತ್ತು ಕುಗ್ಗಲೆಂದು, ಬರಿಯ ದ್ರವಾಹಾರ. ಊಟವಿಲ್ಲದವನಿಗೆ ಹಳೆಯ ಪ್ರಮಾಣದ ಸೂಜಿ ಚುಚ್ಚಿದರೆ ಅಪಾಯವೆಂಬುದನ್ನು ಬಲ್ಲ ಅಕ್ಕ ದಿನವೂ ಆಸ್ಪತ್ರೆಗೆ ಫೋನು ಮಾಡಿ, ಅವರು ಹೇಳಿದಂತೆ ಪ್ರಮಾಣವನ್ನು ಇಳಿಸುತ್ತ ಬಂದಳು. ಹದಿನಾಲ್ಕು ದಿನಗಳಲ್ಲಿ ಒಂದು ಅಂಕಿಯೂ ಎಲ್ಲೆ ಮೀರಲಿಲ್ಲ. ದಾಖಲಾದ ದಿನ ಪುಸ್ತಕವನ್ನು ಪುಟಪುಟವಾಗಿ ತಿರುವಿ ನೋಡಿದ ಶಸ್ತ್ರವೈದ್ಯೆ, "ಅಮ್ಮ, ನಮ್ಮ ನರ್ಸ್‌ಗಳಿಗೆ ನೀವೇ ಒಂದಿನ ಪಾಠ ಮಾಡ್ಬೇಕು," ಎಂದಳು. ಆ ಮಾತು ಅಕ್ಕನ ಕಿವಿಯಲ್ಲಿ ಬಹುದಿನ ಉಳಿಯಿತು. ಉಳಿಯಬೇಕಾದುದಕ್ಕಿಂತ ಹೆಚ್ಚು ದಿನ ಉಳಿಯಿತೇನೋ.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಸೂಜಿಯನ್ನು ನಿಲ್ಲಿಸಿದರು. ತೂಕ ಇನ್ನೂ ಇಳಿದೇ ಇರಲಿಲ್ಲ. ಸಕ್ಕರೆ ಮಾತ್ರ ಆಜ್ಞೆಗೊಳಪಟ್ಟಂತೆ ಇಳಿದುಬಿಟ್ಟಿತ್ತು. ಮನೆಗೆ ಕಳುಹಿಸುವ ಬೆಳಗ್ಗೆ ಪಥ್ಯತಜ್ಞೆ, ಇಪ್ಪತ್ತೈದರ ಪ್ರಾಯದ ಹುಡುಗಿ, ಹಾಸಿಗೆಯ ಬದಿಗೆ ಕುರ್ಚಿ ಎಳೆದುಕೊಂಡು ಕೈಪಿಡಿಯನ್ನು ವಿವರಿಸಿದಳು: ಗುಟುಕು ಗುಟುಕಾಗಿ ಕುಡಿಯಬೇಕು, ಊಟದೊಡನೆ ನೀರು ಕೂಡದು, ಮೊದಲು ಮೊಟ್ಟೆ ಅಥವಾ ಕಾಳು, ಆಮೇಲೆ ತರಕಾರಿ. ಅಕ್ಕ ಅರ್ಧ ಮನಸ್ಸಿನಿಂದ ಆಲಿಸುತ್ತಿದ್ದಳು. ಉಳಿದರ್ಧ ಮನಸ್ಸು, ಬದಲಾದ ಮಾತ್ರೆಗಳ ಪಟ್ಟಿಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುವುದರಲ್ಲಿ ತೊಡಗಿತ್ತು.

"ಸಿಹಿ ಪಾನೀಯ ಪೂರ್ತಿ ಬಂದ್. ಜ್ಯೂಸು, ಸೋಡಾ ಯಾವ್ದೂ ಬೇಡ. ಯಾಕಂದ್ರೆ..."

"ಗೊತ್ತಮ್ಮ. ಮೂವತ್ತೊಂದು ವರ್ಷ ಇದೇ ಕೆಲ್ಸ ಮಾಡಿದೀನಿ," ಎಂದು ಅಕ್ಕ ಪೆನ್ನನ್ನು ಎತ್ತದೆಯೇ ಹೇಳಿದಳು. ಸಿಹಿ ಪಾನೀಯದಿಂದ ತೂಕ ಏರುತ್ತದೆ. ಇದನ್ನು ಯಾರಾದರೂ ತನಗೆ ಹೇಳಿಕೊಡಬೇಕೆ?

ಹುಡುಗಿ ಅಷ್ಟು ಬಲ್ಲವಳ ಮುಂದೆ ಸಂಕೋಚಪಟ್ಟು, ಪುಟ ತಿರುಗಿಸಿದಳು. ಕೊನೆಯಲ್ಲಿ 'ಎಲ್ಲವನ್ನೂ ಅರ್ಥಮಾಡಿಕೊಂಡಿದ್ದೇನೆ' ಎಂಬ ಸಾಲಿನ ಕೆಳಗೆ ಅಕ್ಕ ಅಂದವಾಗಿ ಸಹಿ ಹಾಕಿದಳು.

ಆ ಮೇಲಿನ ತಿಂಗಳುಗಳು ದೈವಕೃಪೆಯಂತೆ ಕಂಡವು. ತಮ್ಮ ಕರಗತೊಡಗಿದ. ಮೂರನೆಯ ತಿಂಗಳಲ್ಲಿ ಮಾತ್ರೆಗಳೂ ನಿಂತವು. ಸಾಮಾನುಗಳ ಕೋಣೆಯ ಕುರ್ಚಿ ಅವನಿಗೆ ದೊಡ್ಡದಾಯಿತು. ಡಿಪೋದಲ್ಲಿ 'ಡಬಲ್ ಡೆಕ್ಕರಣ್ಣ ಮೇಲಿನ ಮಾಳಿಗೆ ಇಳಿಸಿದ' ಎಂದರು. ಇನ್ನೂ ಇಳಿದಾಗ 'ಮಿನಿ ಬಸ್' ಎಂದು ಕರೆದು ನೋಡಿದರು, ಹೆಸರು ಹತ್ತಲಿಲ್ಲ. ಹೊರಡುವಾಗಿನ ಲೋಟ ತಾನಾಗಿ ನಿಂತುಹೋಗಿತ್ತು. ಸೂಜಿಯಿಲ್ಲದವನಿಗೆ ಸೂಜಿಯ ಮುಂಜಾಗ್ರತೆಯೇಕೆ?

ಹತ್ತನೆಯ ತಿಂಗಳಲ್ಲಿ ತೂಕ ತೊಂಬತ್ತನಾಲ್ಕು, ಸರಾಸರಿ ಐದು ದಶಮಾಂಶ ಎಂಟು. ಡಿಪೋದ ವೈದ್ಯಾಧಿಕಾರಿ ಕಾಗದಗಳನ್ನು ನೋಡಿ ತಲೆದೂಗಿದರು. ಇನ್ನೆರಡು ತಿಂಗಳು ಹೀಗೆಯೇ ಇದ್ದರೆ ರಸ್ತೆಯ ಪರೀಕ್ಷೆ. ಪರೀಕ್ಷೆಯಲ್ಲಿ ಗೆದ್ದರೆ ಕೆಂಪು ಮುದ್ರೆಯನ್ನು ತೆಗೆಯಬಹುದು. "ಆದ್ರೆ ಒಂದು ನೆನಪಿರ್ಲಿ. ಸಕ್ಕರೆ ಇಳಿದು ತಲೆ ಸುತ್ತೋದು ಒಂದೇ ಒಂದು ಸಲ ಆದ್ರೂ ನಾನು ಸಹಿ ಹಾಕಲ್ಲ. ಏರಿದ್ರೆ ಒಬ್ಬರಿಗೆ ಅಪಾಯ. ಇಳಿದ್ರೆ ಬಸ್ಸಲ್ಲಿರೋ ಅರವತ್ತು ಜನಕ್ಕೂ ಅಪಾಯ."

ಆ ಎರಡು ತಿಂಗಳಲ್ಲಿಯೇ ಅದು ಕಾಣಿಸಿಕೊಂಡಿತು.

ಒಂದು ಭಾನುವಾರ, ನೆರೆಮನೆಯ ಮಗುವಿನ ಹುಟ್ಟುಹಬ್ಬದ ಕೇಕಿನ ಒಂದು ತುಂಡನ್ನು ತಿಂದು ಒಂದೂವರೆ ಗಂಟೆಯಾಗಿತ್ತು. ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ ತಮ್ಮ ವಾಕ್ಯದ ನಡುವೆ ನಿಂತುಬಿಟ್ಟ. ಅಕ್ಕ ಬೆರಳು ಚುಚ್ಚಿದಳು: ಐವತ್ತೆಂಟು. ಸೂಜಿಯಿಲ್ಲ, ಮಾತ್ರೆಯಿಲ್ಲ, ಇಳಿಯಲು ಕಾರಣವೇ ಇಲ್ಲ. ಅವಳು ಹದಿನೈದರ ನೇಮವನ್ನು ಆಚರಿಸಿದಳು. ಸಕ್ಕರೆ ಏರಿತು. ಏರಿದ್ದು ಎರಡು ಗಂಟೆಗಳೊಳಗೆ ಮತ್ತೆ ಅರವತ್ತೊಂದಕ್ಕೆ ಇಳಿಯಿತು. ಮತ್ತೆ ಹದಿನೈದು. ಸಂಜೆಯವರೆಗೆ ಅದು ಏರಿತು, ಇಳಿಯಿತು. ಅವಳು ಕೊಟ್ಟಳು, ಕಾದಳು, ಮತ್ತೆ ಕೊಟ್ಟಳು.

ಅಂಕಿಗಳನ್ನು ಬರೆಯಲು ಪುಸ್ತಕ ತೆರೆದಾಗ ತಮ್ಮ ಅದರ ಮೇಲೆ ಅಂಗೈ ಇಟ್ಟ. ತೆಳುವಾದ ಆ ಅಂಗೈ ಅವಳಿಗೆ ಇನ್ನೂ ಪರಿಚಿತವಾಗಿರಲಿಲ್ಲ.

"ಅಕ್ಕ, ಇದನ್ನ ಬರೀಬೇಡ್ವೇ."

"ಬರೀದೇ ಇರೋಕಾಗತ್ತೇನೋ?"

"ಪುಸ್ತಕ ಡಿಪೋ ಡಾಕ್ಟ್ರು ನೋಡ್ತಾರೆ. ಹಸಿವು ಅಷ್ಟೇ. ನಾನು ಹೊತ್ತಿಗೆ ಸರಿಯಾಗಿ ತಿಂದಿರ್ಲಿಲ್ಲ."

"ಆಸ್ಪತ್ರೆಗಾದ್ರೂ ಫೋನ್ ಮಾಡ್ತೀನಿ."

"ಅವರು ಕಾಗದ ಬರೀತಾರೆ. ಕಾಗದ ಎಲ್ಲಿಗೆ ಹೋಗತ್ತೆ? ಡಿಪೋಗೆ." ಅವನ ದನಿ ಇಳಿಯಿತು. "ಐದು ವರ್ಷ ಕೊಡೆ ಕಾಯ್ದಿದೀನಿ ಅಕ್ಕ. ಹೊಟ್ಟೆ ಕೊಯ್ಸ್ಕೊಂಡಿದೀನಿ. ಇನ್ನು ಮೂರು ವಾರ."

ರೋಗ ಪತ್ತೆಯಾದಾಗಿನಿಂದ ಹನ್ನೊಂದು ವರ್ಷಗಳಲ್ಲಿ ಒಂದು ಅಂಕಿಯನ್ನೂ ಬಿಡದಿದ್ದ ಅಕ್ಕ ಅಂದು ಪೆನ್ನಿನ ಮುಚ್ಚಳ ಹಾಕಿದಳು. ಹೇಳಬಲ್ಲವರನ್ನು ಕೇಳುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಹಾಗಾದರೆ ತನ್ನ ಕೈಯಲ್ಲಿ ಉಳಿದಿರುವುದೇನೆಂದು ಅವಳು ಯೋಚಿಸಿದಳು. ನಾಲ್ಕು ವರ್ಷ ಅವನನ್ನು ಬೀಳದಂತೆ ಕಾಪಾಡಿದ್ದು ಯಾವುದು? ಕೈಪಿಡಿ ಜ್ಯೂಸು ಬೇಡವೆಂದಿತ್ತು, ನಿಜ. ಆದರೆ ಬಾಯಾರಿಕೆಗೆ ಕುಡಿಯುವುದು ಪಾನೀಯ. ಅಳೆದು, ಹೊತ್ತು ನೋಡಿ, ಕಾರಣವಿದ್ದು ಕೊಡುವುದು ಔಷಧಿ. ಬದುಕಿಡೀ ಈ ಎರಡರ ಭೇದದ ಮೇಲೆಯೇ ನಿಂತಿದ್ದ ಅವಳಿಗೆ, ಕೈಪಿಡಿಯ ನಿಷೇಧ ಮೊದಲನೆಯದಕ್ಕೇ ಹೊರತು ಎರಡನೆಯದಕ್ಕಲ್ಲವೆಂಬುದರಲ್ಲಿ ಲೇಶವೂ ಸಂಶಯ ಬರಲಿಲ್ಲ.

ಪರೀಕ್ಷೆಯ ಬೆಳಗ್ಗೆ ಅಂಕಿ ನೂರ ನಾಲ್ಕು. ನಿರ್ದುಷ್ಟವಾದ ಅಂಕಿ. ಆದರೂ ಪರೀಕ್ಷೆ ಎರಡು ಗಂಟೆಯದು, ನಡುವೆ ಏನನ್ನೂ ತಿನ್ನುವಂತಿಲ್ಲ. ಅವಳು ದೊಡ್ಡ ಲೋಟವನ್ನೇ ತೆಗೆದಳು.

"ಇದು ಮತ್ತೆ ಯಾಕೆ?"

"ದಾರಿಗೆ. ಗುಟುಕು ಗುಟುಕಾಗಿ ಕುಡಿ, ಹುಷಾರು."

ಅವನು ಕುಡಿದ. ಕೊನೆಯ ಗುಟುಕಿಗೆ ಮುಖ ಸಿಂಡರಿಸಿ, "ಬಸ್ಸಿಗೆ ಡೀಸೆಲ್, ನನಗಿದು," ಎಂದ.

ಆ ಡಿಪೋದಲ್ಲೊಂದು ಹಳೆಯ ವಾಡಿಕೆಯಿತ್ತು. ಮರಳಿ ಬರುವ ಚಾಲಕನ ಪರೀಕ್ಷೆಯ ದಿನ, ಖಾಲಿ ಬಸ್ಸಿನಲ್ಲಿ ಅವನ ಮನೆಯವರೊಬ್ಬರು ಪ್ರಯಾಣಿಕರಾಗಿ ಕೂರಬೇಕು. ಪರರ ಮನೆಯವರನ್ನು ಹೊತ್ತೊಯ್ಯುವವನು ಮೊದಲು ತನ್ನ ಮನೆಯವರನ್ನು ಹೊತ್ತೊಯ್ಯಲಿ ಎಂಬುದು ಅದರ ಆಶಯ. ಅಕ್ಕ ಬಲಗಡೆಯ ಮೂರನೆಯ ಆಸನದಲ್ಲಿ ಕುಳಿತಳು. ಅಲ್ಲಿಂದ ಒಳಗನ್ನಡಿಯಲ್ಲಿ ತಮ್ಮನ ಮುಖ ಕಾಣುತ್ತಿತ್ತು. ಪರೀಕ್ಷಕರು ಕಾಗದದ ಹಲಗೆಯೊಂದಿಗೆ ಅವನ ಹಿಂದಿನ ಆಸನದಲ್ಲಿ ಕುಳಿತರು. ನಿವೃತ್ತಿಗೆ ಹತ್ತಿರವಾದ, ಒಣಕಲು ದೇಹದ, ಮೃದು ಮಾತಿನ ಮನುಷ್ಯ.

"ಏನಪ್ಪಾ, ಅಕ್ಕನ ಹತ್ರ ಟಿಕೆಟ್ ಇದ್ಯಾ?"

"ಪಾಸಿದೆ ಸಾರ್. ಹುಟ್ಟಿದಾಗಿಂದ."

ಬಸ್ಸು ಡಿಪೋದ ಬಾಗಿಲು ದಾಟಿದಾಗ, ತೊಳೆಯುವ ಕಟ್ಟೆಯ ಬಳಿ ನಿಂತಿದ್ದ ನಾಲ್ಕೈದು ಚಾಲಕರು ಶಿಳ್ಳೆ ಹಾಕಿದರು. ಮೊದಲ ಒಂದು ಗಂಟೆ ಅಕ್ಕ ಬೇರೇನನ್ನೂ ಬಯಸಲಿಲ್ಲ. ತಿರುವುಗಳಲ್ಲಿ ಅವಳ ಕೈಚೀಲ ಆಸನದ ಮೇಲಿಂದ ಜಾರಲಿಲ್ಲ. ಬ್ರೇಕು ಬಿದ್ದದ್ದು ಬಸ್ಸು ನಿಂತ ಮೇಲೆ ತಿಳಿಯುತ್ತಿತ್ತು. ಕನ್ನಡಿಯಲ್ಲಿ ಕಂಡ ಮುಖ ಬಹುಕಾಲದ ಹಿಂದೆ ಕಳೆದುಹೋಗಿದ್ದ ಒಬ್ಬ ಹುಡುಗನದು. ಪ್ರತಿ ನಿಲ್ದಾಣದಲ್ಲಿಯೂ ಅವನು ಖಾಲಿ ಮೆಟ್ಟಿಲುಗಳನ್ನು ನೋಡಿ, ಕಾಣದ ಮುದುಕಿಯರು ಹತ್ತುವಷ್ಟು ಹೊತ್ತು ಕಾದು, ಬಾಗಿಲು ಮುಚ್ಚುತ್ತಿದ್ದ. ಪರೀಕ್ಷಕರು ಬರೆಯುವುದನ್ನೇ ಬಿಟ್ಟು ಕಿಟಕಿಯಾಚೆ ನೋಡತೊಡಗಿದ್ದರು.

ಇಪ್ಪತ್ತಮೂರನೆಯ ನಿಲ್ದಾಣ ಕಳೆದ ಮೇಲೆ ದೀಪ ಹಸಿರಾಯಿತು, ಬಸ್ಸು ಹೊರಡಲಿಲ್ಲ. ಹಿಂದಿನ ಕಾರು ಕೂಗಿಕೊಂಡಾಗ ಹೊರಟಿತು. ಅಕ್ಕ ಕನ್ನಡಿ ನೋಡಿದಳು. ಅವನು ಮೇಲ್ದುಟಿಯನ್ನು ಹೆಗಲಿಗೆ ಒರೆಸಿಕೊಂಡ. ಕತ್ತಿನ ಹಿಂಬದಿಯಲ್ಲಿ, ಕಾಲರಿನ ಅಂಚಿನಗುಂಟ, ಅಂಗಿ ಒದ್ದೆಯಾಗುತ್ತಿತ್ತು. ಮುಂದಿನ ನಿಲ್ದಾಣದಲ್ಲಿ ಬಸ್ಸು ಕಂಬವನ್ನು ದಾಟಿ, ತನ್ನುದ್ದದಷ್ಟು ಮುಂದೆ ಹೋಗಿ ನಿಂತಿತು.

ಪರೀಕ್ಷಕರು ಹಿಂತಿರುಗಿ ಅವಳತ್ತ ನಸುನಕ್ಕರು. "ಐದು ವರ್ಷ ಆಯ್ತಲ್ಲ ಅಮ್ಮ, ಗಾಬರಿ. ಕೈ ಹಿಡಿಯತ್ತೆ ಬಿಡಿ. ಇನ್ನು ಆರೇ ಸ್ಟಾಪು."

ಅವರು ಕ್ಷಮಿಸಿದ್ದರು. ಆರು ನಿಲ್ದಾಣ, ಹೆಚ್ಚೆಂದರೆ ಹದಿನೈದು ನಿಮಿಷ. ಅಕ್ಕನ ಕೈಚೀಲದಲ್ಲಿ ಯಂತ್ರವಿತ್ತು, ಸಕ್ಕರೆಯಿತ್ತು, ರಸದ ಬಾಟಲಿಯಿತ್ತು. ಅವುಗಳಿಗೂ ಅವನ ಬೆರಳಿಗೂ ನಡುವೆ ನಾಲ್ಕು ಹೆಜ್ಜೆಗಳಷ್ಟೇ. ಆದರೆ ಅವಳು ಎದ್ದರೆ ಎಲ್ಲವೂ ಮುಗಿಯಿತು. ಏಳದಿದ್ದರೆ ಅವನು ಮುಗಿಸಿಯೂ ಬಿಡಬಹುದು. ಹಲವು ಸಲ ಅವನು ಅರವತ್ತರಲ್ಲಿಯೂ ಮನೆಯ ಮೆಟ್ಟಿಲು ಹತ್ತಿ ಬಂದದ್ದುಂಟು. ಒಂದು ನಿಲ್ದಾಣ ಹೀಗೆಯೇ ಕಳೆಯಿತು. ದೇವರೇ, ಐದು ನಿಲ್ದಾಣ ದಾಟಿಸು ಎಂದು ಅವಳು ಬೇಡಿಕೊಂಡಳು. ಮುಂದೆ ಪಾದಚಾರಿಗಳ ಪಟ್ಟೆಯ ಬಳಿ ಹೆಂಗಸೊಬ್ಬಳು ಮಗುವಿನ ತಳ್ಳುಗಾಡಿಯನ್ನು ರಸ್ತೆಗೆ ಇಳಿಸುತ್ತಿದ್ದಳು. ಬಸ್ಸಿನ ವೇಗ ತಗ್ಗಲಿಲ್ಲ. ಕನ್ನಡಿಯಲ್ಲಿ ತಮ್ಮನ ಕಣ್ಣುಗಳು ತೆರೆದಿದ್ದವು, ನೋಡುತ್ತಿರಲಿಲ್ಲ.

"ನಿಲ್ಸೋ!" ಎಂದು ಅಕ್ಕ ಕಿರುಚಿದಳು. "ನಿಲ್ಸೋ ಮಗೂ, ಬ್ರೇಕ್ ಒತ್ತು!"

ಹತ್ತೊಂಬತ್ತು ವರ್ಷಗಳ ಕಾಲು ಮನಸ್ಸಿಗೆ ಕಾಯದೆ ತನ್ನ ಕೆಲಸ ಮಾಡಿತು. ಬಸ್ಸು ಪಟ್ಟೆಗಿಂತ ಎರಡು ಅಡಿ ಈಚೆ ನಿಂತಿತು. ಹೆಂಗಸು ಒಮ್ಮೆ ತಲೆಯೆತ್ತಿ ನೋಡಿ, ಏನೂ ನಡೆದಿಲ್ಲವೆಂಬಂತೆ ತಳ್ಳುಗಾಡಿಯೊಂದಿಗೆ ದಾಟಿಹೋದಳು.

ಅಕ್ಕನ ಯಂತ್ರದಲ್ಲಿ ಬಂದ ಅಂಕಿ ನಲವತ್ತೊಂದು. ಪರೀಕ್ಷಕರೇ ಕೈಬ್ರೇಕು ಎಳೆದು, ಅವನನ್ನು ಆಸನದಿಂದ ಇಳಿಸಿ, ಬಸ್ಸಿನ ನಡುದಾರಿಯಲ್ಲಿ ಕೂರಿಸಿದರು. ಅಕ್ಕ ಸಕ್ಕರೆಯನ್ನು ಅವನ ಬಾಯಿಗಿಟ್ಟಳು, ಬಾಟಲಿಯಲ್ಲಿದ್ದ ರಸವನ್ನೂ ಕುಡಿಸಿದಳು. ಅವನಿಗೆ ಮಾತು ಮರಳಿದಾಗ ಮೊದಲು ಕೇಳಿದ್ದು, "ಇನ್ನೆಷ್ಟು ಸ್ಟಾಪು ಸಾರ್?"

ಪರೀಕ್ಷಕರು ಅವನ ಹೆಗಲು ತಟ್ಟಿ ಸ್ಟೇರಿಂಗಿನ ಮುಂದೆ ಕುಳಿತರು. ಬಸ್ಸನ್ನು ಡಿಪೋಗೆ ತಾವೇ ಓಡಿಸಿಕೊಂಡು ಬಂದರು.

ಡಿಪೋದ ಚಿಕಿತ್ಸಾ ಕೋಣೆಯಲ್ಲಿ ಅವನನ್ನು ಮಲಗಿಸಿದಾಗ ಅಂಕಿ ನೂರ ಅರವತ್ತೆಂಟಿತ್ತು. "ನೋಡಿ ಡಾಕ್ಟ್ರೇ, ಸರಿಹೋಯ್ತು," ಎಂದಳು ಅಕ್ಕ. ಒಂದೂವರೆ ಗಂಟೆಯ ತರುವಾಯ, ವೈದ್ಯಾಧಿಕಾರಿಯ ಕಣ್ಣೆದುರಿಗೇ, ಅದು ಐವತ್ತೆರಡಕ್ಕೆ ಇಳಿಯಿತು. ಅವಳು ಮತ್ತೆ ಬಾಟಲಿ ತೆಗೆದಾಗ ಅವರು ಅವಳ ಕೈ ತಡೆದರು.

"ಏನದು?"

"ಸೇಬಿನ ರಸ."

"ಬೆಳಗ್ಗೇನೂ ಕೊಟ್ಟಿದ್ರಾ?"

"ಒಂದು ಲೋಟ. ಮುಂಜಾಗ್ರತೆಗೆ."

ಅವರು ಚಿಟಿಕೆಯಷ್ಟೇ ಗ್ಲೂಕೋಸು, ಅದರ ಹಿಂದೆಯೇ ಒಂದು ಬೇಯಿಸಿದ ಮೊಟ್ಟೆ ಕೊಡಿಸಿ, ಆಸ್ಪತ್ರೆಗೆ ಫೋನು ಮಾಡಿದರು. ಶಸ್ತ್ರವೈದ್ಯೆಯ ದನಿ ಫೋನಿನಿಂದ ಕೋಣೆಗೆಲ್ಲ ಕೇಳುವಂತಿತ್ತು. ಕಿರಿದಾದ ಹೊಟ್ಟೆ ಸಿಹಿಯನ್ನು ತಡೆದಿಟ್ಟುಕೊಳ್ಳಲಾರದು, ನೇರ ಕರುಳಿಗೆ ಸುರಿದುಬಿಡುತ್ತದೆ. ಸಕ್ಕರೆ ಒಮ್ಮೆಲೇ ಏರುತ್ತದೆ. ಅದನ್ನು ಕಂಡ ದೇಹ ತನ್ನದೇ ಇನ್ಸುಲಿನ್ನನ್ನು ಬೇಕಾದುದಕ್ಕಿಂತ ಹೆಚ್ಚು ಸುರಿಸುತ್ತದೆ. ಒಂದೆರಡು ಗಂಟೆಗಳಲ್ಲಿ ಸಕ್ಕರೆ ಪಾತಾಳಕ್ಕೆ. ಆಗ ಮತ್ತೆ ಸಿಹಿ ಕೊಟ್ಟರೆ ಅದೇ ಚಕ್ರ ಮತ್ತೊಮ್ಮೆ. "ಕೈಪಿಡೀಲಿ ಬರೆದಿದೆಯಲ್ಲ, ಹನ್ನೆರಡನೇ ಪುಟ. ಜ್ಯೂಸ್ ಯಾಕೆ ಕೊಟ್ರು?"

"ಅದು ಜ್ಯೂಸಲ್ಲ ಡಾಕ್ಟ್ರೇ," ಎಂದು ಅಕ್ಕ ಫೋನಿನತ್ತ ಬಾಗಿ ಹೇಳಿದಳು. "ಔಷಧಿ."

ವೈದ್ಯಾಧಿಕಾರಿ ಫೋನನ್ನು ಮೆಲ್ಲನೆ ಕೆಳಗಿಟ್ಟರು.

"ಇದಕ್ಕೆ ಮೊದ್ಲೂ ಹೀಗಾಗಿತ್ತಾ?"

ಅಕ್ಕ ತಮ್ಮನನ್ನು ನೋಡಿದಳು. ಅವನು ಚಾವಣಿಯನ್ನು ನೋಡುತ್ತ, "ಆಗಿತ್ತು ಸಾರ್. ಬರೀಬೇಡ ಅಂತ ನಾನೇ ಹೇಳಿದ್ದು," ಎಂದ.

ವೈದ್ಯಾಧಿಕಾರಿ ಕೆಟ್ಟವರಲ್ಲ. ಮುದ್ರೆಯ ಪೆಟ್ಟಿಗೆಯನ್ನು ತೆರೆಯಲೂ ಇಲ್ಲ. ಹಳೆಯ ಕೆಂಪು ಮುದ್ರೆ ಹಾಗೆಯೇ ಇತ್ತಲ್ಲ. ಒಂದು ವರ್ಷ ಒಮ್ಮೆಯೂ ಇಳಿಯದಿದ್ದರೆ ಮತ್ತೆ ಬರಬಹುದೆಂದರು. ಆದರೆ ಒಂದು ವರ್ಷದ ಬಳಿಕ ತಮ್ಮನಿಗೆ ನಲವತ್ತೆಂಟು ದಾಟಿರುತ್ತದೆ, ನಲವತ್ತೆಂಟು ದಾಟಿದವರನ್ನು ಮರಳಿ ಚಾಲನೆಗೆ ತೆಗೆದುಕೊಳ್ಳಬೇಕಾದರೆ ಮೇಲಿನವರ ವಿಶೇಷ ಅನುಮತಿ ಬೇಕು ಎಂಬುದನ್ನು ಅವರೂ ಬಲ್ಲರು, ತಮ್ಮನೂ ಬಲ್ಲ.

ಇಬ್ಬರೂ ಮನೆಗೆ ನಡೆದು ಹೊರಟರು.

"ಬಯ್ಯೋ," ಎಂದಳು ಅಕ್ಕ ದಾರಿಯಲ್ಲಿ. "ಒಂದ್ಸಲ ಬಾಯಿ ತುಂಬ ಬೈದುಬಿಡು."

"ಏನಂತ ಬಯ್ಲಿ? ಕುಡ್ದವ್ನು ನಾನು." ಹತ್ತು ಹೆಜ್ಜೆ ನಡೆದು ಅವನೇ ಮುಂದುವರಿಸಿದ. "ಒಂದು ಕೇಳ್ತೀನಿ. ಆ ಹೆಂಗ್ಸು ರಸ್ತೆಗೆ ಇಳೀದೇ ಇದ್ದಿದ್ರೆ ಕೂಗ್ತಿದ್ದಾ?"

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಗೊತ್ತಿಲ್ಲ ಕಣೋ."

"ನಾನಂತೂ ನಿಲ್ಲಿಸ್ತಿರ್ಲಿಲ್ಲ," ಎಂದ ಅವನು. "ನನಗೆ ಗೊತ್ತಾಗ್ತಾನೇ ಇತ್ತು ಅಕ್ಕ. ಹಸಿರು ದೀಪದ ಹತ್ರಾನೇ ಗೊತ್ತಾಗಿತ್ತು."

ಮುಂದಿನ ವಾರ ಇಬ್ಬರೂ ಪಥ್ಯತಜ್ಞೆಯ ಕೋಣೆಯಲ್ಲಿ ಕುಳಿತರು. ಅದೇ ಹುಡುಗಿ. ಈ ಸಲ ಅಕ್ಕ ಒಂದು ಮಾತನ್ನೂ ತುಂಡರಿಸಲಿಲ್ಲ. ಶಾಲೆಯ ಮೊದಲ ಬೆಂಚಿನ ಮಗುವಿನಂತೆ ಪೆನ್ನು ಹಿಡಿದು ಕಾದಳು. ಸಣ್ಣ ಸಣ್ಣ ಊಟ, ಸಿಹಿ ಇಲ್ಲ, ಪ್ರತಿ ತುತ್ತಿನ ಜೊತೆ ಮೊಟ್ಟೆಯೋ ಕಾಳೋ. ಎಲ್ಲವನ್ನೂ ಬರೆದುಕೊಂಡಳು.

"ಇಷ್ಟು ಮಾಡಿದ್ರೆ ಇಳಿಯೋದು ನಿಲ್ಲತ್ತಾ?"

"ಸುಮಾರು ಜನಕ್ಕೆ ಕಮ್ಮಿ ಆಗತ್ತೆ ಅಮ್ಮ. ಕೆಲವರಿಗೆ ಪೂರ್ತಿ ನಿಲ್ಲತ್ತೆ."

"ಇವನಿಗೆ?"

"ಅದನ್ನ ಈಗ್ಲೇ ಹೇಳೋಕಾಗಲ್ಲ."

"ಯಾವಾಗ ಹೇಳ್ಬೋದು? ಎಷ್ಟು ತಿಂಗ್ಳು ಅಂತ ಬರ್ಕೊಳ್ಲಿ?"

ಹುಡುಗಿ ತನ್ನ ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದಳು. "ಅದಕ್ಕೆ ಲೆಕ್ಕ ಇಲ್ಲ ಅಮ್ಮ. ಒಬ್ಬೊಬ್ರಿಗೆ ಒಂದೊಂದು ಥರ. ಇನ್ನು ಮೇಲೆ ಅವರ ದೇಹ ಹೇಳೋದನ್ನ ಅವರೇ ಕೇಳಿಸ್ಕೊಂಡು ಕಲೀಬೇಕು. ನೀವು ಆತಂಕದಲ್ಲಿ ಏನೂ ಕೊಡೋಕೆ ಹೋಗ್ಬೇಡಿ, ಅಷ್ಟೇ."

"ನಾನು ಏನು ಮಾಡ್ಲಿ, ಅದನ್ನ ಹೇಳಮ್ಮ."

"ಅವರು ಕೇಳಿದಾಗ ಜೊತೇಲಿರಿ."

ಅಕ್ಕ ಅದನ್ನು ಬರೆಯಲು ಪೆನ್ನು ತಾಗಿಸಿದಳು. ಬರೆಯುವಂಥದ್ದು ಅದರಲ್ಲೇನೂ ಇರಲಿಲ್ಲ.

ತಮ್ಮ ಮೊದಲ ಬಾರಿ ಬಾಯಿ ತೆರೆದ. "ಮೇಡಂ, ನಾನು ಎಲ್ಲ ಸರಿಯಾಗಿ ಮಾಡಿದ್ರೆ, ಒಂದು ತುತ್ತೂ ತಪ್ಪದೆ ಮಾಡಿದ್ರೆ, ನನಗೆ ಬಸ್ಸು ಕೊಡ್ತಾರಾ?"

ಹುಡುಗಿ ಅಕ್ಕನ ಮುಖ ನೋಡಿದಳು. ತಮ್ಮನೂ, ಏಳು ವರ್ಷದವನಿದ್ದಾಗಿನಿಂದ ನೋಡುತ್ತ ಬಂದ ಹಾಗೆಯೇ, ಅಕ್ಕನ ಮುಖ ನೋಡಿದ. ಅವಳು ಪುಸ್ತಕದತ್ತ ನೋಡಿದಳು. ಬಾಗಿಲಾಚೆ ಯಾರೋ ಮುಂದಿನ ಸಂಖ್ಯೆಯನ್ನು ಕೂಗಿದರು. ಊರುಗೋಲು ಹಿಡಿದ ದಪ್ಪ ಹೆಂಗಸೊಬ್ಬಳು ಒಳಗೆ ಇಣುಕಿ, ಮುಗಿಯಿತೇ ಎಂಬಂತೆ ಕುರ್ಚಿಗಳನ್ನು ನೋಡಿದಳು. ಇಬ್ಬರೂ ಎದ್ದು ಅವಳಿಗೆ ಜಾಗ ಬಿಟ್ಟರು.